ಬಾವಿ ಎಡಗಡೆಯೋ ಬಲಗಡೆಯೋ: ನೆನಪಿನ ಫೋಟೋ ತೆಗೆಯುವ ಕ್ರಮ

ಕ್ಯಾಮೆರಾ ಬ್ಯಾಗಿನಲ್ಲೇ ಇರಲಿ. ಮೊದಲು ಗೆರೆ ಇಲ್ಲದ ಒಂದು ನೋಟ್‌ಬುಕ್ ತನ್ನಿ. ಜೊತೆಗೆ ಒಂದು ಪೆನ್ಸಿಲ್, ಒಂದು ಕಪ್ಪು ಇಂಕಿನ ಪೆನ್ನು.

ನಾನು ಮಂಗಳೂರಿನಲ್ಲಿ ಹದಿನೆಂಟು ವರ್ಷ ಮದುವೆ ಫೋಟೋ ತೆಗೆದವನು. ಕ್ರೈಸ್ತರ ಮದುವೆಗೆ ಮುಂಚಿನ ರೋಸ್ ಶಾಸ್ತ್ರ, ಮೆಹೆಂದಿ, ಧಾರೆ, ರಿಸೆಪ್ಶನ್, ಯಾವುದನ್ನೂ ಬಿಟ್ಟಿಲ್ಲ. ಲೆನ್ಸಿಗೆ ಹಾಕಿದ ದುಡ್ಡಿನಲ್ಲಿ ಒಂದು ಸಣ್ಣ ಕಾರು ಬರುತ್ತಿತ್ತು. ಆದರೆ ಈಗ ಮಾಡುತ್ತಿರುವ ಕೆಲಸಕ್ಕೆ ಆ ನೋಟ್‌ಬುಕ್ಕೇ ಜಾಸ್ತಿ ಬೇಕಾಗುತ್ತದೆ.

ಕೆಲಸ ಇಷ್ಟೇ. ಒಂದು ಜಾಗ ನೆನಪಿನಲ್ಲಿ ಹೇಗೆ ಕೂತಿದೆ, ಹೋಗಿ ನಿಂತರೆ ಕಣ್ಣಿಗೆ ಹೇಗೆ ಕಾಣುತ್ತದೆ, ಕ್ಯಾಮೆರಾ ಅದನ್ನು ಹೇಗೆ ಹಿಡಿಯುತ್ತದೆ, ಈ ಮೂರನ್ನೂ ಪಕ್ಕಪಕ್ಕ ಇಡುವುದು. ಮೂರೂ ಒಂದಕ್ಕೊಂದು ಹೊಂದುವುದಿಲ್ಲ. ಹೊಂದದೇ ಇರುವ ಕಡೆ ನನಗೆ ಫೋಟೋ ಸಿಗುತ್ತದೆ. ಆರು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಇದರಲ್ಲಿ ಸಂಪಾದನೆ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಪೆನ್ಸಿಲ್ ಯಾವಾಗ, ಪೆನ್ನು ಯಾವಾಗ

ನಿಮಗೆ ಚೆನ್ನಾಗಿ ಗೊತ್ತಿದ್ದ, ಈಗ ಕಣ್ಣೆದುರು ಇಲ್ಲದ ಒಂದು ಜಾಗ ಆರಿಸಿಕೊಳ್ಳಿ. ಅಜ್ಜಿಮನೆ, ಶಾಲೆಯ ಹಿತ್ತಲು, ಹಾಸ್ಟೆಲ್ ಕೋಣೆ, ಯಾವುದಾದರೂ ಆದೀತು. ಅದರ ನಕ್ಷೆ ಬರೆಯಿರಿ. ಚಿತ್ರ ಬರೆಯಲು ಬರುವುದಿಲ್ಲ ಎನ್ನಬೇಡಿ, ಗೆರೆ ಎಳೆದರೆ ಸಾಕು. ಖಚಿತವಾಗಿ ಗೊತ್ತಿರುವುದನ್ನು ಪೆನ್ನಿನಲ್ಲಿ, ‘ಇದ್ದಿರಬೇಕು’ ಅನಿಸುವುದನ್ನು ಪೆನ್ಸಿಲಿನಲ್ಲಿ. ಏನೂ ಹೊಳೆಯದ ಕಡೆ ಖಾಲಿ ಬಿಡಿ. ಸುಮ್ನೆ ತುಂಬಿಸಬೇಡಿ.

ಹಳೆಯ ಆಲ್ಬಮ್ ಮೊದಲೇ ನೋಡಬಾರದು. ಇದೊಂದು ಕಟ್ಟುನಿಟ್ಟು. ನೋಡಿದರೆ ಆಮೇಲೆ ಬರೆಯುವುದು ಮನೆಯನ್ನಲ್ಲ, ಫೋಟೋವನ್ನು.

ನಾನು ಬರೆದದ್ದು ಮಂಗಳೂರಿನ ಜೆಪ್ಪುವಿನಲ್ಲಿದ್ದ ನಮ್ಮ ಅಜ್ಜಿಮನೆಯನ್ನು. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಕಾವಿ ಬಳಿದ ಕೆಂಪು ಜಗಲಿ, ಎದುರು ಅಂಗಳ, ತುಳಸಿಕಟ್ಟೆ. ಗೇಟಿನಿಂದ ಒಳಗೆ ಬಂದರೆ ಎಡಗಡೆಗೆ ಬಾವಿ. ಬಾವಿಯನ್ನು ಪೆನ್ನಿನಲ್ಲೇ ಬರೆದೆ. ಅಷ್ಟು ಖಾತ್ರಿ ಇತ್ತು. ಬಚ್ಚಲಿನ ಬಾಗಿಲು ಪೆನ್ಸಿಲ್. ಅಡಿಗೆಕೋಣೆಗೆ ಕಿಟಕಿ ಇತ್ತೋ ಇಲ್ಲವೋ, ಅದು ಖಾಲಿ.

ಬರೆದ ತಾರೀಕು ಹಾಕಿ. ಆರು ತಿಂಗಳು ಬಿಟ್ಟು ಹಳೆಯದನ್ನು ನೋಡದೆ ಇನ್ನೊಮ್ಮೆ ಬರೆಯಿರಿ. ನನ್ನ ಎರಡನೇ ನಕ್ಷೆಯಲ್ಲಿ ಅಂಗಳ ಇನ್ನೂ ದೊಡ್ಡದಾಗಿತ್ತು.

ಉತ್ತರ ಕೊಟ್ಟು ಪ್ರಶ್ನೆ ಕೇಳಬೇಡಿ

ಆಮೇಲೆ ಅದೇ ಜಾಗ ಗೊತ್ತಿರುವ ಇನ್ನೊಬ್ಬರ ಹತ್ತಿರ ಹೋಗಿ. ನಾನು ದೊಡ್ಡಮ್ಮನ ಹತ್ತಿರ ಹೋದೆ. ಮೊದಲ ದಿನವೇ ತಪ್ಪು ಮಾಡಿದೆ.

“ದೊಡ್ಡಮ್ಮ, ಬಾವಿ ಎಡಗಡೆ ಇತ್ತಲ್ವಾ?”

“ಹೌದಲ್ಲ ಮಗಾ, ಎಡಗಡೆಯೇ.”

ನನಗೆ ಖುಷಿಯೋ ಖುಷಿ. ಆದರೆ ಆ ಉತ್ತರಕ್ಕೆ ಬೆಲೆ ಇಲ್ಲ. ‘ಎಡಗಡೆ’ ಎಂಬ ಮಾತನ್ನು ನಾನೇ ಅವರ ಬಾಯಿಗೆ ಇಟ್ಟಿದ್ದೆ. 1974ರಲ್ಲಿ ಎಲಿಜಬೆತ್ ಲಾಫ್ಟಸ್, ಜಾನ್ ಪಾಮರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದರು. ಕಾರುಗಳು ಡಿಕ್ಕಿಯಾಗುವ ಫಿಲ್ಮ್ ತೋರಿಸಿ, ಕಾರು ಎಷ್ಟು ಸ್ಪೀಡಿನಲ್ಲಿತ್ತು ಎಂದು ಕೇಳಿದರು. ಕೆಲವರಿಗೆ ‘ತಾಗಿದಾಗ’ ಎಂದು, ಕೆಲವರಿಗೆ ‘ಅಪ್ಪಳಿಸಿದಾಗ’ ಎಂದು. ಅಪ್ಪಳಿಸಿದಾಗ ಎಂದು ಕೇಳಿಸಿಕೊಂಡವರು ಜಾಸ್ತಿ ಸ್ಪೀಡ್ ಹೇಳಿದರು. ಒಂದು ವಾರ ಬಿಟ್ಟು ಕೇಳಿದಾಗ, ಒಡೆದ ಗಾಜು ನೋಡಿದ ನೆನಪಿದೆ ಎಂದವರು ‘ತಾಗಿದಾಗ’ ಗುಂಪಿಗಿಂತ ಈ ಗುಂಪಿನಲ್ಲಿ ಜಾಸ್ತಿ. ಫಿಲ್ಮಿನಲ್ಲಿ ಒಡೆದ ಗಾಜೇ ಇರಲಿಲ್ಲ.

ಹಾಗಾಗಿ ‘ಬಾವಿ ಎಲ್ಲಿತ್ತು’ ಎಂದೂ ಕೇಳಬೇಡಿ. ‘ಬೆಳಿಗ್ಗೆ ಎದ್ದ ಕೂಡಲೇ ಏನು ಮಾಡ್ತಿದ್ರಿ’ ಎಂದು ಕೇಳಿ. ಬಾವಿ ತಾನಾಗಿ ಬರುತ್ತದೆ. ಅವರು ಯಾವ ಭಾಷೆಯಲ್ಲಿ ಆ ಮನೆಯಲ್ಲಿ ಬದುಕಿದ್ದರೋ ಅದರಲ್ಲೇ ಮಾತಾಡಿಸಿ. ನಮ್ಮ ದೊಡ್ಡಮ್ಮ ಕನ್ನಡದಲ್ಲಿ ಎರಡು ವಾಕ್ಯ ಹೇಳಿ ಸುಮ್ಮನಾಗುತ್ತಾರೆ. ತುಳುವಿಗೆ ತಿರುಗಿದರೆ ರಾಟೆಯ ಕಿರ್ ಕಿರ್ ಸದ್ದು, ಎಣ್ಣೆ ಹಾಕಲು ಮರೆತದ್ದಕ್ಕೆ ಬೈಸಿಕೊಂಡದ್ದು, ತಾಮ್ರದ ಕೊಡಪಾನ ಬಾವಿಗೆ ಬಿದ್ದದ್ದು, ಒಂದರ ಹಿಂದೆ ಒಂದು ಬರುತ್ತವೆ. ಕೊಂಕಣಿ, ಬ್ಯಾರಿ ಮನೆಗಳಲ್ಲೂ ಹೀಗೆಯೇ. ನಿಮಗೆ ಬಾರದಿದ್ದರೆ ಬರುವವರನ್ನು ಜೊತೆಗೆ ಕರೆದುಕೊಂಡು ಹೋಗಿ.

ಕೈಯಲ್ಲಿ ಹಿಡಿಯುವ ವಸ್ತು ಕೊಟ್ಟರೆ ಇನ್ನೂ ಒಳ್ಳೆಯದು. ಬಾಸೆಲ್ ಮಿಷನ್‌ನವರು 1865ರಲ್ಲಿ ನಮ್ಮ ಜೆಪ್ಪುವಿನಲ್ಲೇ ಹಂಚಿನ ಕಾರ್ಖಾನೆ ಶುರುಮಾಡಿದ್ದು. ಹಳೆಯ ಮಂಗಳೂರು ಹಂಚನ್ನು ಮಗುಚಿ ನೋಡಿದರೆ ಅಡಿಯಲ್ಲಿ ಕಾರ್ಖಾನೆಯ ಹೆಸರು ಒತ್ತಿರುತ್ತದೆ. ಅಂಥ ಒಂದು ಹಂಚನ್ನು ನಾನು ಯಾವಾಗಲೂ ಕಾರಿನ ಡಿಕ್ಕಿಯಲ್ಲಿ ಇಟ್ಟಿರುತ್ತೇನೆ. ಹಿರಿಯರ ಕೈಗೆ ಕೊಟ್ಟರೆ ಆ ಅಕ್ಷರದ ಮೇಲೆ ಬೆರಳು ಆಡಿಸುತ್ತಾ ಮಾತು ಶುರುಮಾಡುತ್ತಾರೆ. ಆ ಬೆರಳಿನ ಫೋಟೋ ತೆಗೆಯಿರಿ, ಮುಖದ್ದು ಆಮೇಲೆ.

ಎರಡನೇ ಸಲ ಹೋದಾಗ ದೊಡ್ಡಮ್ಮನ ಕೈಯಲ್ಲೇ ನಕ್ಷೆ ಬರೆಸಿದೆ. ನಾನು ಒಂದು ಮಾತೂ ಹೇಳಲಿಲ್ಲ. ಅವರೂ ಬಾವಿಯನ್ನು ಎಡಗಡೆಗೇ ಬರೆದರು. ಇನ್ನು ಸಂಶಯವೇ ಇಲ್ಲ ಎಂದುಕೊಂಡೆ. ಒಂದು ಪ್ರಶ್ನೆ ಕೇಳಲು ಮರೆತಿದ್ದೆ. ಅದು ಆಮೇಲೆ ಬರುತ್ತದೆ.

ಹಳೆಯ ಫೋಟೋ ಓದುವುದು

ನಕ್ಷೆ ಮುಗಿದ ಮೇಲೆ ಆಲ್ಬಮ್ ತೆಗೆಯಬಹುದು. ನಮ್ಮ ಕರಾವಳಿಯ ಮನೆಗಳಲ್ಲಿ ಫೋಟೋಗಳಿಗೆ ದೊಡ್ಡ ಶತ್ರು ಮಳೆಗಾಲ. ಫ್ರೇಮಿನ ಗಾಜಿಗೆ ಫೋಟೋ ಅಂಟಿಕೊಂಡಿದ್ದರೆ ಕಿತ್ತು ತೆಗೆಯಲು ಹೋಗಬೇಡಿ. ಮೇಲ್ಪದರ ಗಾಜಿನ ಜೊತೆ ಬಂದುಬಿಡುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿ. ಇಲ್ಲವಾದರೆ ಬೆಳಕನ್ನು ಎರಡು ಬದಿಯಿಂದ ಓರೆಯಾಗಿ ಬಿಟ್ಟು, ನೇರ ಮೇಲಿನಿಂದ ಫೋಟೋ ತೆಗೆಯಿರಿ. ಪಾತ್ರೆ ತೊಳೆಯುವ ಹಾಗೆ ಫೋಟೋ ಒರೆಸುವವರನ್ನು ನೋಡಿದ್ದೇನೆ. ಬೂಷ್ಟು ಹೋಯಿತು, ಮಾವನ ಮುಖವೂ ಹೋಯಿತು.

ನಮ್ಮ ಮನೆಯಲ್ಲಿದ್ದದ್ದು ಒಂದೇ ಫೋಟೋ. ಗೇಟಿನಿಂದ ತೆಗೆದದ್ದು. ಅಂಗಳದಲ್ಲಿ ಅಜ್ಜಿ, ಅಜ್ಜ, ಅಮ್ಮ, ದೊಡ್ಡಮ್ಮ, ಎದುರು ಚಡ್ಡಿ ಹಾಕಿದ ನಾನು. ಎಡಗಡೆ ಬಾವಿ. ಮೂವತ್ತು ವರ್ಷ ಅದು ನಮ್ಮ ಚಾವಡಿಯ ಗೋಡೆಯಲ್ಲಿತ್ತು. ಪ್ರತಿ ದಿನ ಊಟಕ್ಕೆ ಕೂತಾಗ ಕಣ್ಣಿಗೆ ಬೀಳುತ್ತಿತ್ತು.

ಸ್ಕ್ಯಾನ್ ಮಾಡಿ ದೊಡ್ಡದು ಮಾಡಿದಾಗ ಏನೋ ಸರಿ ಇಲ್ಲ ಅನಿಸಿತು. ಅರ್ಧ ಗಂಟೆ ನೋಡಿದೆ. ಅಜ್ಜಿಯ ಸೆರಗು ಬಲ ಹೆಗಲ ಮೇಲಿತ್ತು. ದೊಡ್ಡಮ್ಮನದ್ದೂ ಬಲ ಹೆಗಲು. ಅಜ್ಜನ ಅಂಗಿಯ ಜೇಬು ಬಲಗಡೆ. ವಾಚು ಬಲಗೈಯಲ್ಲಿ.

ಪ್ರಿಂಟ್ ಉಲ್ಟಾ ಆಗಿತ್ತು. ನೆಗೆಟಿವ್‌ನಿಂದ ಕಾಗದಕ್ಕೆ ಫೋಟೋ ದೊಡ್ಡದು ಮಾಡಿ ಇಳಿಸುವ ಎನ್‌ಲಾರ್ಜರಿನಲ್ಲಿ ನೆಗೆಟಿವ್ ಇಡುವಾಗ ಮಸುಕು ಮೈ ಕೆಳಗೆ, ಹೊಳೆಯುವ ಮೈ ಮೇಲೆ ಇರಬೇಕು. ಯಾವುದೋ ಸ್ಟುಡಿಯೋದಲ್ಲಿ ಯಾರೋ ಅವಸರದಲ್ಲಿ ತಿರುಗಿಸಿ ಇಟ್ಟಿದ್ದರು. ಮೂವತ್ತು ವರ್ಷ ಮನೆಯಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ಹೊಟ್ಟೆಪಾಡಿಗೆ ಫೋಟೋ ತೆಗೆಯುವ ನನಗೂ ಗೊತ್ತಾಗಲಿಲ್ಲ. ನಾನು ಪೆನ್ನಿನಲ್ಲಿ ಬರೆದ ಬಾವಿ ಆ ಮನೆಯ ಬಾವಿಯಲ್ಲ, ಆ ಪ್ರಿಂಟಿನ ಬಾವಿ.

ಆದ್ದರಿಂದ ಹಳೆಯ ಫೋಟೋ ಸಿಕ್ಕಿದ ಕೂಡಲೇ ಸೆರಗು, ಜೇಬು, ವಾಚು, ಅಂಗಿಯ ಗುಂಡಿ ನೋಡಿ. ಬೋರ್ಡಿನ ಅಕ್ಷರ ಇದ್ದರೆ ಸುಲಭ. ಒಂದನ್ನೇ ನಂಬಬೇಡಿ, ಎರಡು ಮೂರು ಗುರುತು ಹೊಂದಬೇಕು. ಕೊಡವರ ಸೀರೆ, ಗುಜರಾತಿ ಸೀರೆ ಈ ಲೆಕ್ಕಕ್ಕೆ ಬರುವುದಿಲ್ಲ.

ಹಾಗಾದರೆ ದೊಡ್ಡಮ್ಮ? ಅವರೂ ಫೋಟೋ ನೋಡಿಯೇ ಎಡಗಡೆ ಬರೆದರಾ? ಮೂರನೇ ಸಲ ಹೋಗಿ, ಮರೆತಿದ್ದ ಪ್ರಶ್ನೆ ಕೇಳಿದೆ. “ದೊಡ್ಡಮ್ಮ, ಇದನ್ನು ಬರೆಯುವಾಗ ನೀವು ಎಲ್ಲಿ ನಿಂತಿದ್ರಿ?”

“ಎಲ್ಲಿ ಅಂದ್ರೆ? ಜಗಲಿಯಲ್ಲಿ. ಮತ್ತೆ ನಾನೆಂತ ಗೇಟಿನಲ್ಲಿ ನಿಲ್ಲುದಾ ಮಾರಾಯಾ, ನೆಂಟರ ಹಾಗೆ?”

ಜಗಲಿಯಿಂದ ಹೊರಗೆ ನೋಡಿದರೆ ಎಡಗಡೆ. ಗೇಟಿನಿಂದ ಒಳಗೆ ನೋಡಿದರೆ ಬಲಗಡೆ. ಅವರು ಆ ಮನೆಯ ಒಳಗಿನವರು, ನಾನು ರಜೆಗೆ ಬರುತ್ತಿದ್ದ ಹುಡುಗ. ಅವರ ಎಡ ಸರಿ, ನನ್ನ ಎಡ ತಪ್ಪು. ನಕ್ಷೆ ಬರೆಸುವಾಗ ಮೊದಲು ನಿಂತ ಜಾಗಕ್ಕೆ ಒಂದು ಚುಕ್ಕಿ ಹಾಕಿಸಿ, ಮುಖ ಯಾವ ಕಡೆ ಎಂದು ಬಾಣದ ಗುರುತು ಹಾಕಿಸಿ. ಈ ಬರಹದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ.

ನೆರಳನ್ನೂ ಓದಬಹುದು. ಮಂಗಳೂರು, ಉಡುಪಿಯಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ ನಡುನೆತ್ತಿಗೆ ಬರುತ್ತಾನೆ. ಏಪ್ರಿಲ್ 24, 25ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ. ಆ ಎರಡರ ನಡುವೆ ನಡುಹಗಲಿನ ನೆರಳು ತೆಂಕು ದಿಕ್ಕಿಗೆ ಬೀಳುತ್ತದೆ, ಉಳಿದ ತಿಂಗಳುಗಳಲ್ಲಿ ಬಡಗು ದಿಕ್ಕಿಗೆ. ನಮ್ಮಲ್ಲಿ ನಡುಹಗಲು ಎಂದರೆ ಗಡಿಯಾರದ ಹನ್ನೆರಡಲ್ಲ, ಹೆಚ್ಚು ಕಡಿಮೆ ಹನ್ನೆರಡೂವರೆ. ನಮ್ಮ ಫೋಟೋದಲ್ಲಿ ಎಲ್ಲರ ನೆರಳೂ ಪಾದದ ಬುಡದಲ್ಲೇ ಮುದುಡಿತ್ತು. ಆಗಸ್ಟ್ ಆಗಿದ್ದರೆ ಅಂಗಳದಲ್ಲಿ ಪಾಚಿ ಇರುತ್ತಿತ್ತು, ಇಲ್ಲಿ ನೆಲ ಒಣಗಿ ಬೆಳ್ಳಗಾಗಿದೆ. ಅಂದರೆ ಏಪ್ರಿಲ್. ಅಮ್ಮನ ಹತ್ತಿರ ಹೇಳಿದೆ. “ಬಿಸು ಹಬ್ಬಕ್ಕೆ ಹೋದದ್ದಲ್ಲವಾ ಅದು” ಎಂದರು. ಬಿಸು ಬರುವುದು ಏಪ್ರಿಲ್ ನಡುವಿನಲ್ಲೇ. ಫೋಟೋ ಉಲ್ಟಾ ಆದರೂ ನೆರಳಿನ ಉದ್ದ ಸುಳ್ಳು ಹೇಳಲಿಲ್ಲ.

ಜಾಗಕ್ಕೆ ಹೋಗುವುದು

ಈಗ ಕ್ಯಾಮೆರಾ ತೆಗೆಯಿರಿ. ಆ ಜಾಗಕ್ಕೆ ಅದೇ ತಿಂಗಳಿನಲ್ಲಿ, ಅದೇ ಹೊತ್ತಿಗೆ ಹೋಗಿ. ನಾನು ಬಿಸು ಕಳೆದು ಎರಡನೇ ದಿನ ಹನ್ನೆರಡೂ ಕಾಲಿಗೆ ಹೋದೆ. ಮನೆ ಇಲ್ಲ, ಐದು ಮಹಡಿಯ ಫ್ಲಾಟ್ ಬಂದು ಹನ್ನೊಂದು ವರ್ಷವಾಯಿತು. ಬೆವರು ವ್ಯೂಫೈಂಡರಿಗೆ ಇಳಿಯುತ್ತಿತ್ತು. ವಾಚ್‌ಮನ್ ಬಂದು “ಎಂತ ಸರ್, ಸೈಟ್ ನೋಡ್ಲಿಕ್ಕಾ?” ಎಂದು ಕೇಳಿದರು. ಅನುಮತಿಯನ್ನು ಹಿಂದಿನ ದಿನವೇ ಕೇಳಿ ಇಟ್ಟುಕೊಳ್ಳಿ. ‘ಇದು ನಮ್ಮ ಅಜ್ಜಿಮನೆ ಇದ್ದ ಜಾಗ’ ಎಂದರೆ ಹೆಚ್ಚಿನವರು ಬಿಡುತ್ತಾರೆ. ಕೆಲವರು ಜಾಗದ ತಕರಾರು ಎಂದು ಹೆದರುತ್ತಾರೆ. ಹಾಗಾಗಿ ಜಾಗದ ಬಗ್ಗೆ ಮೊದಲು ಮಾತಾಡಬೇಡಿ, ಫೋಟೋ ತೋರಿಸಿ.

ಬಾವಿ ಇತ್ತು. ಪಾರ್ಕಿಂಗಿನ ಮೂಲೆಯಲ್ಲಿ, ಕಬ್ಬಿಣದ ಬಲೆ ಮುಚ್ಚಿಕೊಂಡು, ಪಂಪಿನ ಪೈಪು ಇಳಿಬಿಟ್ಟುಕೊಂಡು. ಗೇಟಿನಿಂದ ಬಲಗಡೆ.

ಕ್ಯಾಮೆರಾದ ಎತ್ತರ ಮುಖ್ಯ. ನೆನಪು ಯಾವ ವಯಸ್ಸಿನದ್ದೋ ಆ ವಯಸ್ಸಿನ ಕಣ್ಣಿನ ಎತ್ತರಕ್ಕೆ ಟ್ರೈಪಾಡ್ ಇಳಿಸಿ. ಆರೇಳು ವರ್ಷದ ಮಗುವಿನ ಕಣ್ಣು ನೆಲದಿಂದ ಸುಮಾರು ಒಂದು ಮೀಟರ್ ಮೇಲಿರುತ್ತದೆ. ಒಂದು ಮೀಟರಿಗೆ ಇಳಿಸಿದ ಕೂಡಲೇ ಬಾವಿಕಟ್ಟೆ ಎದ್ದು ನಿಂತಿತು, ಅದರಾಚೆಗಿನ ಕಾರುಗಳು ಅರ್ಧ ಮುಚ್ಚಿಹೋದವು. ಅಂಗಳ ದೊಡ್ಡದಾಗಿ ನೆನಪಿದ್ದದ್ದು ಯಾಕೆ ಎಂದು ಅಲ್ಲಿ ಮಂಡಿಯೂರಿದಾಗ ಗೊತ್ತಾಯಿತು. ಮೊಬೈಲಿನಲ್ಲಿ ತೆಗೆಯುವವರು ಒಂದು ಎಕ್ಸ್ ಬಿಟ್ಟು ಎರಡು ಎಕ್ಸಿಗೆ ಹಾಕಿಕೊಳ್ಳಿ. ಮೊಬೈಲಿನ ಮಾಮೂಲಿ ಲೆನ್ಸ್ ಅಗಲ, ಹತ್ತಿರದ್ದನ್ನು ಉಬ್ಬಿಸಿ ದೂರದ್ದನ್ನು ತಳ್ಳಿಬಿಡುತ್ತದೆ.

ಪ್ರತಿ ಜಾಗದಲ್ಲಿ ಎರಡು ಫ್ರೇಮ್ ತೆಗೆಯಿರಿ. ಒಂದು ಬಿಗಿಯಾಗಿ, ಇನ್ನೊಂದು ನಾಲ್ಕು ಹೆಜ್ಜೆ ಹಿಂದೆ ಹೋಗಿ. ಇದಕ್ಕೆ ಕಾರಣ ಇದೆ. 1989ರಲ್ಲಿ ಹೆಲೀನ್ ಇಂಟ್ರಾಬ್ ಮತ್ತು ಮೈಕೆಲ್ ರಿಚರ್ಡ್‌ಸನ್ ಎಂಬ ಮನಶ್ಶಾಸ್ತ್ರ ಸಂಶೋಧಕರು ತೋರಿಸಿಕೊಟ್ಟ ಒಂದು ವಿಚಿತ್ರ ಇದು: ಜನರಿಗೆ ಫೋಟೋ ತೋರಿಸಿ, ಆಮೇಲೆ ನೆನಪಿನಿಂದ ಬರೆಯಿರಿ ಎಂದರೆ ಫೋಟೋದ ಅಂಚಿನಾಚೆಗೆ ಇಲ್ಲದ್ದನ್ನೂ ಸೇರಿಸಿ ಬರೆಯುತ್ತಾರೆ. ಕತ್ತರಿಸಿಹೋದ ಬೇಲಿ ಪೂರ್ತಿಯಾಗುತ್ತದೆ. ನಾನು ಮನೆಯವರ ಮೇಲೆ ಮಾಡಿ ನೋಡಿದ್ದೇನೆ. ಬಿಗಿ ಫ್ರೇಮನ್ನು ಹದಿನೈದು ಸೆಕೆಂಡ್ ತೋರಿಸಿ, ಮುಚ್ಚಿ, ಬರೆಯಲು ಹೇಳುವುದು. ನನ್ನ ತಂಗಿ ಬಾವಿಯ ಪಕ್ಕ ನೆಲ, ಗೋಡೆ, ಗೋಡೆಯಾಚೆ ತೆಂಗಿನಮರ ಎಲ್ಲ ಬರೆದಳು. ತೆಂಗಿನಮರ ನನ್ನ ಅಗಲ ಫ್ರೇಮಿನಲ್ಲೂ ಇರಲಿಲ್ಲ. ಈಗ ಪ್ರಿಂಟಿನ ಸುತ್ತ ಅಗಲವಾಗಿ ಬಿಳಿ ಕಾಗದ ಬಿಟ್ಟು, ಅದರ ಮೇಲೆ ಅವರಿಂದಲೇ ಪೆನ್ಸಿಲಿನಲ್ಲಿ ಮುಂದುವರಿಸಿ ಬರೆಸುತ್ತೇನೆ. ನನ್ನ ಕೆಲಸದಲ್ಲಿ ನನಗೆ ಅತಿ ಇಷ್ಟವಾದದ್ದು ಈ ಸರಣಿ.

ಕಣ್ಣು ನೋಡುವ ರೀತಿಯನ್ನೂ ಒಮ್ಮೆ ಪರೀಕ್ಷೆ ಮಾಡಿ. ಕೈ ಉದ್ದಕ್ಕೆ ಚಾಚಿ ಹೆಬ್ಬೆರಳು ಎತ್ತಿ. ಆ ಉಗುರಿನಷ್ಟು ಜಾಗ ಮಾತ್ರ ಕಣ್ಣಿಗೆ ಪೂರ್ತಿ ಸ್ಪಷ್ಟ. ಉಳಿದದ್ದು ಮಸುಕು, ಕಣ್ಣು ಓಡಾಡಿ ಓಡಾಡಿ ಜೋಡಿಸಿಕೊಳ್ಳುತ್ತದೆ. ಉಡುಪಿಯ ರಥಬೀದಿಯಲ್ಲಿ, ಅನಂತೇಶ್ವರ ದೇವಸ್ಥಾನದ ಹತ್ತಿರ ಒಂದೇ ಕಡೆ ನಿಂತು ನಲವತ್ತು ಸಣ್ಣ ಸಣ್ಣ ಫೋಟೋ ತೆಗೆಯಿರಿ. ಕಣ್ಣು ಹೋದ ಕಡೆಗೆಲ್ಲ ಒಂದೊಂದು. ನಾಲ್ಕು ಇಂಚು ಆರು ಇಂಚಿನ ಪ್ರಿಂಟ್ ಹಾಕಿಸಿ ಹಲಗೆಗೆ ಅಂಟಿಸಿ. ರಥದ ಚಕ್ರ ಐದು ಸಲ ಬಂದಿರುತ್ತದೆ, ಹೂ ಮಾರುವವರು ಎರಡು ಕಡೆ ಕೂತಿರುತ್ತಾರೆ, ಅಂಗಡಿಯ ಬೋರ್ಡ್ ಒಂದೂ ಇರುವುದಿಲ್ಲ. ನನ್ನದರಲ್ಲಿ ಆಕಾಶವೇ ಇರಲಿಲ್ಲ.

ಅಲುಗಾಡದವರು ಮಾತ್ರ ಉಳಿಯುತ್ತಾರೆ

ಇದು ಸಣ್ಣ ಅಭ್ಯಾಸ, ಬೇಗ ಹೇಳಿ ಮುಗಿಸುತ್ತೇನೆ. ಮಲ್ಪೆ ಬಂದರಿಗೆ ಬೆಳಿಗ್ಗೆ ಆರೂವರೆಗೆ ಹೋಗಿ. ಟ್ರೈಪಾಡ್, ಹತ್ತು ಸ್ಟಾಪಿನ ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸಲು ಲೆನ್ಸಿನ ಮುಂದೆ ಹಾಕುವ ಕಪ್ಪು ಗಾಜು), ಐಎಸ್‌ಒ 100, ಅಪರ್ಚರ್ ಎಫ್ 11, ಮೂವತ್ತು ಸೆಕೆಂಡ್. ಹರಾಜು ಕೂಗುವವರು, ಬುಟ್ಟಿ ಹೊತ್ತು ಓಡುವವರು ಎಲ್ಲ ಹೊಗೆಯಾಗಿ ಮಾಯ. ಮೀನಿನ ರಾಶಿ, ಐಸು, ಕಟ್ಟಿದ ಹಗ್ಗ ಉಳಿಯುತ್ತವೆ. ಬುಟ್ಟಿ ಮುಂದಿಟ್ಟುಕೊಂಡು ಕಾಯುತ್ತಾ ಕೂತ ಹೆಂಗಸರು ಉಳಿಯುತ್ತಾರೆ. 1838ರಲ್ಲಿ ಫೋಟೋಗ್ರಫಿ ಕಂಡುಹಿಡಿದವರಲ್ಲಿ ಒಬ್ಬನಾದ ಲೂಯಿ ದಾಗೆರ್ ಪ್ಯಾರಿಸಿನ ಒಂದು ಬೀದಿಯ ಚಿತ್ರ ತೆಗೆದಾಗಲೂ ಹೀಗೇ ಆಗಿತ್ತು. ಗಿಜಿಗುಡುವ ಬೀದಿ ಖಾಲಿ ಕಂಡಿತು. ನಿಂತು ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತಿದ್ದ ಒಬ್ಬ, ಪಾಲಿಶ್ ಮಾಡುತ್ತಿದ್ದ ಇನ್ನೊಬ್ಬ ಮಾತ್ರ ಮೂಡಿದ್ದರು. ಜೂನ್, ಜುಲೈಯಲ್ಲಿ ಹೋಗಬೇಡಿ, ಯಾಂತ್ರಿಕ ಮೀನುಗಾರಿಕೆಗೆ ರಜೆ, ಬೋಟುಗಳು ದಡದಲ್ಲಿರುತ್ತವೆ. ಕಾಲಿನ ಕೆಳಗೆ ಮೀನಿನ ನೀರು ಜಾರುತ್ತದೆ, ಟ್ರೈಪಾಡಿನ ಕಾಲು ಮನೆಗೆ ಬಂದು ಸಿಹಿನೀರಲ್ಲಿ ತೊಳೆಯಿರಿ. ನಾನು ತೊಳೆಯದೆ ಒಂದು ಟ್ರೈಪಾಡ್ ತುಕ್ಕಿಗೆ ಕೊಟ್ಟೆ.

ಕತ್ತಲೆ ಕೋಣೆ

ಹಂಪಿಯ ವಿರೂಪಾಕ್ಷ ದೇವಸ್ಥಾನದಲ್ಲಿ ಗೋಪುರದ ನೆರಳು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುವುದನ್ನು ಶಾಲೆಯ ಟೂರಿನಲ್ಲಿ ನೋಡಿರುತ್ತೀರಿ. ಒಂದು ಸಣ್ಣ ತೂತಿನಿಂದ ಕತ್ತಲೆಗೆ ಬೆಳಕು ಬಿಟ್ಟರೆ ಅದನ್ನೇ ಮನೆಯಲ್ಲಿ ಮಾಡಬಹುದು. ಹಳೆಯ ಹಂಚಿನ ಮನೆಯವರಿಗೆ ಇದು ಹೊಸದಲ್ಲ. ಹಂಚಿನ ಸಂದಿಯಿಂದ ಬಿಸಿಲುಕೋಲು ಇಳಿದು ನೆಲದಲ್ಲಿ ದುಂಡಗೆ ಬೀಳುತ್ತಿತ್ತಲ್ಲ, ಸಂದಿ ದುಂಡಗಿರುವುದಿಲ್ಲ, ದುಂಡಗಿರುವುದು ಸೂರ್ಯ. 2019ರ ಡಿಸೆಂಬರ್ 26ರಂದು ಮಂಗಳೂರಿನಲ್ಲಿ ಕಂಕಣ ಗ್ರಹಣ ಆದಾಗ ನಮ್ಮ ಮಾವಿನಮರದ ಕೆಳಗೆ ಬಿದ್ದ ಒಂದೊಂದು ಬಿಸಿಲ ಚುಕ್ಕಿಯೂ ಬಳೆಯಾಗಿತ್ತು. ಅಂಗಳ ತುಂಬ ಬಳೆ. ಮೇಲೆ ನೋಡುವುದು ಬಿಟ್ಟು ನಾನು ನೆಲ ನೋಡುತ್ತಾ ನಿಂತಿದ್ದೆ.

ಒಂದು ಮಾಳಿಗೆಯ ಕೋಣೆ ಹುಡುಕಿ. ನನಗೆ ಸಿಕ್ಕಿದ್ದು ಮಂಗಳೂರು ಬಂದರಿನ ಹಳೆಯ ಗೋದಾಮಿನ ಮೇಲಿನದ್ದು. ಕಿಟಕಿ ಪಶ್ಚಿಮಕ್ಕೆ, ಎದುರು ಗುರುಪುರ ನದಿ, ಆಚೆ ದಡದಲ್ಲಿ ಬೆಂಗ್ರೆ. ಪಶ್ಚಿಮದ ಕಿಟಕಿಯಾದರೆ ಬೆಳಿಗ್ಗೆ ಹೋಗಬೇಕು, ಆಗ ಬಿಸಿಲು ನಿಮ್ಮ ಬೆನ್ನಿನ ಕಡೆಯಿಂದ ಬಂದು ಎದುರಿನದ್ದಕ್ಕೆಲ್ಲ ಬೀಳುತ್ತದೆ. ಕಿಟಕಿಗೆ ಮಳೆಗಾಲದ ಕಪ್ಪು ಟಾರ್ಪಾಲು ಎರಡು ಪದರ ಕಟ್ಟಿ, ಅಂಚಿಗೆಲ್ಲ ಟೇಪು ಹಚ್ಚಿ. ನಡುವೆ ಒಂದು ಸೆಂಟಿಮೀಟರ್ ಅಗಲದ ತೂತು. ಎದುರಿನ ಗೋಡೆ ಬಿಳಿ ಇಲ್ಲದಿದ್ದರೆ ಒಂದು ವೇಷ್ಟಿ ಕಟ್ಟಿ.

ಮೊದಲು ಏನೂ ಕಾಣುವುದಿಲ್ಲ. ಎದ್ದು ಹೋಗಬೇಡಿ. ಹತ್ತು ನಿಮಿಷ ಕೂತುಕೊಳ್ಳಿ, ಮೊಬೈಲ್ ಮುಟ್ಟಬೇಡಿ. ಕಣ್ಣು ಕತ್ತಲೆಗೆ ಹೊಂದುತ್ತಾ ಬಂದ ಹಾಗೆ ನದಿ ಮಾಡಿನ ಕಡೆಯಿಂದ ಇಳಿದು ಬರುತ್ತದೆ, ದೋಣಿ ತಲೆಕೆಳಗಾಗಿ ಹೋಗುತ್ತದೆ. ಆ ಚಿತ್ರವನ್ನು ಕ್ಯಾಮೆರಾದಲ್ಲಿ ಹಿಡಿಯಲು ಐಎಸ್‌ಒ 800, ಎಫ್ 4, ಅರ್ಧದಿಂದ ಒಂದು ನಿಮಿಷ. ಆದರೆ ಮೊದಲ ದಿನ ಫೋಟೋ ತೆಗೆಯಬೇಡಿ ಎನ್ನುತ್ತೇನೆ. 2014ರಲ್ಲಿ ಲಿಂಡಾ ಹೆಂಕೆಲ್ ಎಂಬ ಮನಶ್ಶಾಸ್ತ್ರಜ್ಞೆ ಪ್ರಕಟಿಸಿದ ಅಧ್ಯಯನ ಒಂದುಂಟು: ಮ್ಯೂಸಿಯಮಿನಲ್ಲಿ ಫೋಟೋ ತೆಗೆದುಕೊಂಡ ವಸ್ತುಗಳು ಜನರಿಗೆ ಕಡಿಮೆ ನೆನಪಿದ್ದವು, ಸುಮ್ಮನೆ ನೋಡಿದವು ಜಾಸ್ತಿ. ಝೂಮ್ ಮಾಡಿ ಒಂದು ಭಾಗವನ್ನಷ್ಟೇ ತೆಗೆದಾಗ ಮಾತ್ರ ಆ ನಷ್ಟ ಆಗಲಿಲ್ಲ. ಓದಿದಾಗ ನನ್ನ ಕಥೆಯೇ ಅನಿಸಿತು. ಸಾವಿರಕ್ಕೆ ಹತ್ತಿರ ಮದುವೆ ಮಾಡಿದ್ದೇನೆ, ನೆನಪಿರುವುದು ಕೆಲವು ಕಡೆಯ ಊಟ.

ನಾನು ಮಾಡಿದ ಒಂದು ಹಾಳು ಕೆಲಸ

ಹಳೆಯ ಕಪ್ಪುಬಿಳುಪು ಫೋಟೋಕ್ಕೆ ಬಣ್ಣ ತುಂಬಿಸುವುದು ಈಗ ಮೊಬೈಲಿನಲ್ಲೇ ಆಗುತ್ತದೆ. ಅಜ್ಜಿಮನೆಯ ಆ ಫೋಟೋಕ್ಕೆ ಬಣ್ಣ ಹಾಕಿ ಚಿಕ್ಕಮ್ಮನಿಗೆ ಕಳಿಸಿದೆ. ಬಾಗಿಲಿಗೆ ಹಸಿರು ಬಂದಿತ್ತು. ಆ್ಯಪ್ ತನ್ನಷ್ಟಕ್ಕೆ ಹಾಕಿದ ಹಸಿರು. ನಾಲ್ಕು ತಿಂಗಳು ಬಿಟ್ಟು ಬಾಗಿಲಿನ ಬಗ್ಗೆ ಕೇಳಿದರೆ “ಹಸಿರು ಬಾಗಿಲು, ಮಳೆಗಾಲದಲ್ಲಿ ಉಬ್ಬಿ ಹಾಕ್ಲಿಕ್ಕೇ ಆಗ್ತಿರ್ಲಿಲ್ಲ” ಎಂದರು. ಮೊದಲು ಬರೆಸಿಕೊಂಡಿದ್ದ ಹೊತ್ತಿನಲ್ಲಿ ಬಾಗಿಲಿಗೆ ಬಣ್ಣವೇ ಇಲ್ಲ, ಬರೀ ಮರ ಎಂದಿದ್ದರು. ಅದು ನೋಟ್‌ಬುಕ್ಕಿನಲ್ಲಿ ಇದೆ. ಈಗ ಅವರ ತಲೆಯಿಂದ ಆ ಹಸಿರನ್ನು ತೆಗೆಯಲು ನನ್ನಿಂದ ಆಗುವುದಿಲ್ಲ.

2002ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಇಪ್ಪತ್ತು ಜನರಿಗೆ ಅವರ ಬಾಲ್ಯದ ಮುಖವನ್ನು ಬಿಸಿಗಾಳಿ ಬಲೂನಿನೊಳಗೆ ಅಂಟಿಸಿದ ನಕಲಿ ಫೋಟೋ ತೋರಿಸಿದ್ದರು. ಮೂರು ಸಲ ಮಾತಾಡಿಸುವಷ್ಟರಲ್ಲಿ ಅರ್ಧದಷ್ಟು ಜನರಿಗೆ ಬಲೂನಿನಲ್ಲಿ ಹೋದ ‘ನೆನಪು’ ಪೂರ್ತಿಯೋ ಅರ್ಧವೋ ಬಂದಿತ್ತು. ನಾನು ಇದನ್ನು ಓದಿದ್ದು ಹಸಿರು ಬಾಗಿಲು ಕಳಿಸಿದ ಮೇಲೆ. ನೀವು ಮೊದಲೇ ಓದುತ್ತಿದ್ದೀರಿ, ಹಾಗಾಗಿ ಬಣ್ಣ ತುಂಬಿಸಿದ್ದನ್ನು, ಮುಖ ರಿಪೇರಿ ಮಾಡಿದ್ದನ್ನು ಮನೆಯವರಿಗೆ ತೋರಿಸುವ ಮುಂಚೆ ಅವರ ಮಾತನ್ನು ಬರೆದುಕೊಳ್ಳಿ. ಪ್ರಿಂಟಿನ ಹಿಂದೆ ಪೆನ್ಸಿಲಿನಲ್ಲಿ ‘ಬಣ್ಣ ನಂತರ ಹಾಕಿದ್ದು’ ಎಂದು ಬರೆಯಿರಿ.

ನೀಲಿ ನಕ್ಷೆ

ಕೊನೆಗೆ ಆ ನಕ್ಷೆಗಳನ್ನು ಏನು ಮಾಡುವುದು? ನಾನು ಸಯನೋಟೈಪ್ ಮಾಡುತ್ತೇನೆ, ಅಂದರೆ ಮದ್ದು ಬಳಿದ ಕಾಗದವನ್ನು ಬಿಸಿಲಿಗಿಟ್ಟು ತೆಗೆಯುವ ನೀಲಿ ಪ್ರಿಂಟ್. ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ ಈ ವಿಧಾನದಲ್ಲೇ ಇಂಜಿನಿಯರುಗಳು ಬಹಳ ಕಾಲ ಬ್ಲೂಪ್ರಿಂಟ್ ಹಾಕುತ್ತಿದ್ದದ್ದು. ಇಲ್ಲದ ಮನೆಗೆ ಬ್ಲೂಪ್ರಿಂಟ್ ಹಾಕಿದರೆ ಚೆನ್ನಾಗಿರುತ್ತದೆ ಅನಿಸಿತು.

ನೂರು ಎಂಎಲ್ ನೀರಿಗೆ 25 ಗ್ರಾಂ ಹಸಿರು ಫೆರಿಕ್ ಅಮೋನಿಯಂ ಸಿಟ್ರೇಟ್. ಬೇರೆ ಬಾಟಲಿಯಲ್ಲಿ ನೂರು ಎಂಎಲ್ ನೀರಿಗೆ 10 ಗ್ರಾಂ ಪೊಟ್ಯಾಶಿಯಂ ಫೆರಿಸಯನೈಡ್. ಎರಡನ್ನೂ ಕಂದು ಬಾಟಲಿಯಲ್ಲಿ ಪ್ರತ್ಯೇಕ ಇಡಿ, ಆಸಿಡ್ ಹತ್ತಿರ ಇಡಲೇಬೇಡಿ, ಮಕ್ಕಳ ಕೈಗೆ ಸಿಗಬಾರದು. ಕೈಗೆ ಗ್ಲೌಸ್ ಹಾಕಿ. ಬಳಸುವ ಹೊತ್ತಿಗೆ ಮಂದ ಬಲ್ಬಿನ ಬೆಳಕಿನಲ್ಲಿ ಸಮಸಮ ಬೆರೆಸಿ, ಜಲವರ್ಣದ ದಪ್ಪ ಕಾಗದಕ್ಕೆ ಬ್ರಶ್ಶಿನಲ್ಲಿ ಬಳಿದು, ಕತ್ತಲೆಯಲ್ಲಿ ಒಣಗಿಸಿ. ಜೂನಿನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಊರಿನಲ್ಲಿ ಒಣಗುವುದೇ ಇಲ್ಲ, ಬಳಿದ ಕಾಗದ ತಾನಾಗಿ ನೀಲಿಗಟ್ಟುತ್ತದೆ. ಜನವರಿ ಒಳ್ಳೆಯದು.

ನಕ್ಷೆಯನ್ನು ಟ್ರೇಸಿಂಗ್ ಪೇಪರಿಗೆ ಇಳಿಸಿ, ಕಾಗದದ ಮೇಲಿಟ್ಟು, ಗಾಜು ಹೇರಿ ಬಿಸಿಲಿಗೆ ಇಡಿ. ಸಣ್ಣ ತುಂಡಿನಲ್ಲಿ ಐದು, ಎಂಟು, ಹನ್ನೆರಡು ನಿಮಿಷಕ್ಕೆ ಪರೀಕ್ಷೆ ಮಾಡಿಕೊಳ್ಳಿ. ಹಳದಿ ಹಸಿರು ಹೋಗಿ ಬೂದು ಬಣ್ಣಕ್ಕೆ ತಿರುಗಿದಾಗ ತೆಗೆದು ನೀರಿನಲ್ಲಿ ತೊಳೆಯಿರಿ, ಹಳದಿ ಪೂರ್ತಿ ಬಿಡುವವರೆಗೆ. ಸೋಪು ತಾಗಿಸಬೇಡಿ, ನೀಲಿ ಹಾರಿಹೋಗುತ್ತದೆ.

ಪೆನ್ನಿನ ಗೆರೆ ಬಿಸಿಲನ್ನು ಪೂರ್ತಿ ತಡೆಯುತ್ತದೆ, ಅಲ್ಲಿ ಕಾಗದ ಬಿಳಿಯಾಗಿ ಉಳಿಯುತ್ತದೆ. ಪೆನ್ಸಿಲ್ ಗೆರೆ ಅರ್ಧ ಬಿಡುತ್ತದೆ, ಅಲ್ಲಿ ತೆಳು ನೀಲಿ. ಅಂದರೆ ಖಾತ್ರಿ ಇದ್ದದ್ದು ಬಿಳಿ, ಸಂಶಯ ಇದ್ದದ್ದು ಮಸುಕು. ಇದನ್ನು ನಾನು ಮೊದಲೇ ಯೋಚಿಸಿ ಮಾಡಿದ್ದಲ್ಲ, ಮೊದಲ ಪ್ರಿಂಟ್ ನೀರಿನಲ್ಲಿ ಮೂಡುತ್ತಿದ್ದಾಗ ಕಂಡದ್ದು.

ದೊಡ್ಡಮ್ಮನ ನಕ್ಷೆಯ ನೀಲಿ ಪ್ರಿಂಟನ್ನು ಅವರಿಗೆ ತೋರಿಸಲು ತೆಗೆದುಕೊಂಡು ಹೋಗಿದ್ದೆ. ಜೊತೆಗೆ ಸರಿ ಮಾಡಿದ ಹಳೆಯ ಫೋಟೋ, ಪಾರ್ಕಿಂಗಿನ ಬಾವಿಯ ಫೋಟೋ. ಫೋಟೋ ಎರಡನ್ನೂ ಪಕ್ಕಕ್ಕಿಟ್ಟರು. ನೀಲಿಯನ್ನು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

“ರಾಟೆ ಎಲ್ಲಿ? ಹಗ್ಗ ಎಲ್ಲಿ? ಬಾವಿ ಮಾತ್ರ ಉಂಟು.”

“ನೀವೇ ಬರೆದದ್ದಲ್ವಾ ದೊಡ್ಡಮ್ಮ.” ನೋಟ್‌ಬುಕ್ಕಿನಲ್ಲಿ ಅವರ ಪುಟ ತೆಗೆದು, ಪೆನ್ಸಿಲ್ ಕೊಟ್ಟೆ.

“ಇದು ಬೇಡ. ಪೆನ್ನು ಕೊಡು.”